ಎಂಎಕ್ಸ್ ಲಿನಕ್ಸ್ ಮರುಸ್ಥಾಪನೆ: ಸ್ನ್ಯಾಪ್‌ಶಾಟ್ ಒಳ್ಳೆಯದೋ, ಪ್ರತ್ಯೇಕ ಹೋಮ್ ವಿಭಾಗವೋ?

ಎಂಎಕ್ಸ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಎಂಎಕ್ಸ್ ಸ್ನ್ಯಾಪ್‌ಶಾಟ್ ಉಪಕರಣವು, ಖಾತೆಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಆರಿಸಿದರೆ, ಈಗ ಓಡುತ್ತಿರುವ ವ್ಯವಸ್ಥೆಯನ್ನೇ ಅದರ ಆ್ಯಪ್‌ಗಳು ಮತ್ತು ಸೆಟ್ಟಿಂಗ್‌ಗಳ ಸಮೇತ ಒಂದು ಐಎಸ್ಒ ಕಡತವನ್ನಾಗಿ (ಇಡೀ ವ್ಯವಸ್ಥೆಯ ಪ್ರತಿಯಿರುವ ಒಂದೇ ಕಡತ) ಮಾಡಿಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡರೆ ಇಂಟರ್ನೆಟ್ ಇಲ್ಲದೆಯೂ ಮರುಸ್ಥಾಪಿಸಬಹುದು. ಆದರೆ ಕೆಟ್ಟಿರುವ ಸೆಟ್ಟಿಂಗ್‌ಗಳೂ ಜೊತೆಗೇ ಮರಳುತ್ತವೆ. ಫೋಟೋ, ವಿಡಿಯೊಗಳನ್ನು ಹೊರಗಿಡದಿದ್ದರೆ ಕಡತವು ತೀರ ದೊಡ್ಡದಾಗುತ್ತದೆ.

ಹೋಮ್ (ಬಳಕೆದಾರರ ಕಡತ, ಸೆಟ್ಟಿಂಗ್‌ಗಳಿರುವ ಜಾಗ) ಡಿಸ್ಕ್‌ನ ಪ್ರತ್ಯೇಕ ವಿಭಾಗದಲ್ಲಿದ್ದರೆ, ಅದನ್ನು ಫಾರ್ಮ್ಯಾಟ್ ಮಾಡದೆ, ರೂಟ್ ವಿಭಾಗಕ್ಕೆ (ಕಾರ್ಯಾಚರಣಾ ವ್ಯವಸ್ಥೆ ಇರುವ ಭಾಗ) ಮಾತ್ರ ಹೊಸ ವ್ಯವಸ್ಥೆಯನ್ನು ಹಾಕಿ, ಹಳೆಯ ಬಳಕೆದಾರ ಹೆಸರನ್ನೇ ಕೊಟ್ಟರೆ ಸಾಕು. ಆ್ಯಪ್‌ಗಳನ್ನು ಮಾತ್ರ, ‘ಆಪ್ಟ್-ಮಾರ್ಕ್ ಶೋಮ್ಯಾನುಯಲ್’ ಆದೇಶದಿಂದ ಮೊದಲೇ ಪಡೆದಿಟ್ಟ ಪಟ್ಟಿಯನ್ನು ನೋಡಿಕೊಂಡು ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ಡಿಸ್ಕ್ ಕೆಟ್ಟರೆ ಈ ದಾರಿ ಉಳಿಯುವುದಿಲ್ಲ.

ಆದ್ದರಿಂದ ವ್ಯವಸ್ಥೆ ಸುಸ್ಥಿತಿಯಲ್ಲಿರುವಾಗಲೇ ಸ್ನ್ಯಾಪ್‌ಶಾಟ್ ತೆಗೆದಿಡಬೇಕೆಂಬುದು ನನ್ನ ದೃಢವಾದ ಸಲಹೆ. ಹೊಸ ಆವೃತ್ತಿಗೆ ಹೋಗುವವರಿಗೆ ಎರಡನೆಯ ದಾರಿಯೇ ಸರಿ.