ಆರ್‌ಟಿಇ ಸೀಟು, ಎಸ್‌ಡಿಎಂಸಿ ಕುರ್ಚಿ: ಎರಡು ಸರ್ಕಾರಿ ಸೇವೆಗಳ ವಿಮರ್ಶೆ

ಮಗುವಿನ ಶಾಲೆಯ ವಿಷಯದಲ್ಲಿ ಕರ್ನಾಟಕದ ಬಡ ಪೋಷಕರಿಗೆ ಸರ್ಕಾರ ಎರಡು ಸೇವೆ ಕೊಟ್ಟಿದೆ. ಒಂದು, ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಯಲ್ಲಿ ಪುಕ್ಕಟೆ ಸೀಟಿಗೆ ಆನ್‌ಲೈನ್ ಅರ್ಜಿ. ಇನ್ನೊಂದು, ಸರ್ಕಾರಿ ಶಾಲೆಯ ಮೇಲೆ ಕಣ್ಣಿಡುವ ಪೋಷಕರ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಕುರ್ಚಿ. ಮೊದಲನೆಯದರ ಬಗ್ಗೆ ವಿಚಾರಿಸುವವರು ಬೇಕಾದಷ್ಟು. ಎರಡನೆಯದಕ್ಕೆ ಕರೆದರೂ ಬರುವವರಿಲ್ಲ. ಎರಡನ್ನೂ ಬಿಚ್ಚಿ ನೋಡಿದರೆ ಇದು ಉಲ್ಟಾ ಇರಬೇಕಿತ್ತು ಅನಿಸುತ್ತದೆ.

ಮೊದಲು ಸೀಟಿನ ಕತೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಅದರ 12(1)(ಸಿ) ಪ್ರಕಾರ ಅನುದಾನವಿಲ್ಲದ ಖಾಸಗಿ ಶಾಲೆ ಪ್ರವೇಶ ತರಗತಿಯ ಶೇ 25 ಸೀಟು ಬಿಟ್ಟುಕೊಡಬೇಕು. ಕರ್ನಾಟಕದಲ್ಲಿ ಇದು 2012-13ರಲ್ಲಿ ಶುರುವಾಯಿತು. ಆ 25ರಲ್ಲಿ ಪರಿಶಿಷ್ಟ ಜಾತಿಗೆ 7.5, ಪಂಗಡಕ್ಕೆ 1.5, ಉಳಿದ 16 ಹಿಂದುಳಿದ ಮತ್ತು ದುರ್ಬಲ ವರ್ಗಕ್ಕೆ. ಅಲ್ಪಸಂಖ್ಯಾತ ಶಾಲೆಗಳು ಇದರೊಳಗೆ ಬರುವುದಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಅವನ್ನು ಹೊರಗಿಟ್ಟಿತು. ಊರಿನಲ್ಲಿ ಹೆಸರುವಾಸಿ ಕಾನ್ವೆಂಟ್ ಇದೆ, ಆದರೆ ಪಟ್ಟಿಯಲ್ಲಿ ಇಲ್ಲ ಎಂದರೆ ಬಹುತೇಕ ಕಾರಣ ಇದೇ.

ಅರ್ಜಿ ಹಾಕುವುದು ಕಷ್ಟವಲ್ಲ. ಮಗುವಿನ ಆಧಾರ್, ತಂದೆ ಅಥವಾ ತಾಯಿಯ ಆಧಾರ್, ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್‌ಡಿ ನಂಬರು, ಇಷ್ಟು ಸಾಕು. ಕೆಡುವುದು ಸಣ್ಣ ಜಾಗಗಳಲ್ಲಿ. ಆಧಾರ್‌ನಲ್ಲಿ 'ಮಂಜುನಾಥ ಆರ್', ಆದಾಯ ಪತ್ರದಲ್ಲಿ 'ಆರ್ ಮಂಜುನಾಥ್' ಎಂದಿದ್ದರೆ ಅಲ್ಲೇ ತಗಾದೆ. ಬಾಡಿಗೆ ಮನೆ ಬದಲಾಯಿಸಿ ಆಧಾರ್ ವಿಳಾಸ ಹಾಗೇ ಬಿಟ್ಟಿದ್ದರೆ ಹಳೇ ವಾರ್ಡೇ ಗಟ್ಟಿ. ಈ ತಿದ್ದುಪಡಿಗಳನ್ನು ಜನವರಿಯಲ್ಲೇ ಮುಗಿಸಿಕೊಳ್ಳಿ, ಅರ್ಜಿ ಬಿಟ್ಟ ಮೇಲೆ ಓಡಾಡಿದರೆ ದಿನ ಸಾಲುವುದಿಲ್ಲ. ವಯಸ್ಸಿನದು ಇನ್ನೊಂದು ತಕರಾರು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮವನ್ನು 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಪಕ್ಕದ ಮನೆಯವರ ಹಳೇ ಅನುಭವ ಕೇಳಬೇಡಿ, ಆಯಾ ವರ್ಷದ ಸುತ್ತೋಲೆ ತೆಗೆಸಿ ನೋಡಿ.

ಇಷ್ಟೆಲ್ಲ ಸರಿಯಿದ್ದೂ ವಾರ್ಡಿನ ಹೆಸರು ಕೊಟ್ಟಾಗ ಶಾಲೆಯೇ ಸಿಗದಿದ್ದರೆ ಸರ್ವರ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಒತ್ತಬೇಡಿ. ಅಂಗಡಿಯೇ ಖಾಲಿ. 2019ರ ಆರಂಭದಲ್ಲಿ ರಾಜ್ಯ ತನ್ನ ಆರ್‌ಟಿಇ ನಿಯಮಗಳಲ್ಲಿ 4ನೆಯದನ್ನು ತಿದ್ದಿತು. ನೆರೆಹೊರೆಯಲ್ಲಿ, ಎಂದರೆ ಹಳ್ಳಿಯಲ್ಲಿ ಕಂದಾಯ ಗ್ರಾಮ, ಪಟ್ಟಣದಲ್ಲಿ ವಾರ್ಡಿನ ಮಿತಿಯೊಳಗೆ, ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಿಲ್ಲ. ಪೋಷಕರ ಸಂಘಟನೆ ಹೈಕೋರ್ಟಿಗೆ ಹೋಯಿತು; 2019ರ ಮೇ 31ರಂದು ಹೈಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಲಕ್ಷ ದಾಟಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಕ್ಕೆ ಇಳಿದವು. ಸರ್ಕಾರಿ ಶಾಲೆಯೇ ಇಲ್ಲದ ಊರು ಕರ್ನಾಟಕದಲ್ಲಿ ಎಷ್ಟಿವೆ, ನೀವೇ ಹೇಳಿ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ತನ್ನದೇ ಶಾಲೆ ಖಾಲಿ ಬಿಟ್ಟು ಪಕ್ಕದ ಖಾಸಗಿ ಶಾಲೆಗೆ ಮಗುವೊಂದಕ್ಕೆ ವರ್ಷಕ್ಕೆ 16,000 ರೂಪಾಯಿವರೆಗೆ (ಎಲ್‌ಕೆಜಿಗಾದರೆ 8,000) ಕಟ್ಟುವುದು ಯಾವ ಲೆಕ್ಕ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಉಳಿದ ದುಡ್ಡು ಅದೇ ವಾರ್ಡಿನ ಸರ್ಕಾರಿ ಶಾಲೆಗೆ ಹೋಗಬೇಕು ಎಂಬ ಷರತ್ತು ತಿದ್ದುಪಡಿಯಲ್ಲಿ ಇರಲಿಲ್ಲ. ಬಾಗಿಲು ಮುಚ್ಚಿದರು, ಒಳಗಿನ ಮನೆ ಸುಣ್ಣಬಣ್ಣ ಕಾಣಲಿಲ್ಲ. ಆಯ್ಕೆ ಎಂಬುದು ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ಉಳಿಯಿತು ಎಂಬ ಪೋಷಕರ ಸಿಟ್ಟಿಗೆ ಇದೇ ಕಾರಣ.

ಸೀಟು ಸಿಕ್ಕ ಅದೃಷ್ಟವಂತರಿಗೂ ಎರಡು ಎಚ್ಚರಿಕೆ. ಪುಕ್ಕಟೆ ಎಂಬುದು ಎಂಟನೇ ತರಗತಿವರೆಗೆ. ಒಂಬತ್ತಕ್ಕೆ ಬಂದಾಗ ಪೂರ್ತಿ ಶುಲ್ಕದ ರಸೀದಿ ಕೈಗೆ ಬರುತ್ತದೆ, ಆಗ ಕಂಗಾಲಾಗಬಾರದು ಎಂದರೆ ಏಳನೇ ತರಗತಿಯಲ್ಲೇ ಯೋಚಿಸಬೇಕು. ಹಾಗೆಯೇ, ಶುಲ್ಕ ಕೇಳದ ಶಾಲೆ ವ್ಯಾನು, ಪುಸ್ತಕ, 'ಚಟುವಟಿಕೆ' ಹೆಸರಲ್ಲಿ ಕೇಳಬಹುದು. ಕೊಟ್ಟರೆ ರಸೀದಿ ಇಲ್ಲದೆ ಕೊಡಬೇಡಿ, ಯಾವ ಬಾಬ್ತಿಗೆ ಎಂದು ಅದರಲ್ಲೇ ಬರೆಸಿ. ಪ್ರವೇಶಕ್ಕೆ ಮಗುವನ್ನೋ ತಂದೆತಾಯಿಯನ್ನೋ ಪರೀಕ್ಷೆ ಮಾಡಿದರೆ ಕಾಯ್ದೆಯ 13ನೇ ಕಲಮಿನಲ್ಲಿ ಮೊದಲ ಸಲಕ್ಕೆ 25,000, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಿದೆ. ಈ ಸೇವೆಗೆ ನಮ್ಮ ಅಂಕ ಐದಕ್ಕೆ ಒಂದೂವರೆ, ಅದೂ ಹಳೇ ಗೌರವಕ್ಕೆ.

ಇನ್ನು ಎಸ್‌ಡಿಎಂಸಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ. ಕೇಂದ್ರದ ಕಾಯ್ದೆಗಿಂತ ಎಂಟು ವರ್ಷ ಮೊದಲೇ, 2001ರಲ್ಲಿ, ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಕರ್ನಾಟಕ ಇದನ್ನು ತಂದಿತು. ಆಮೇಲೆ ಕಾಯ್ದೆಯ 21ನೇ ಕಲಮು ದೇಶಕ್ಕೆಲ್ಲ ಇದೇ ಬಗೆಯದನ್ನು ಕಡ್ಡಾಯ ಮಾಡಿತು: ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು. ಮುಖ್ಯ ಶಿಕ್ಷಕರು ಇಲ್ಲಿ ಕಾರ್ಯದರ್ಶಿ, ಯಜಮಾನರಲ್ಲ.

ಈ ಕುರ್ಚಿಯ ಬೆಲೆ ಗೊತ್ತಾಗುವುದು ಶೂ ಕೊಳ್ಳುವಾಗ. ವಿದ್ಯಾವಿಕಾಸ ಯೋಜನೆಯಲ್ಲಿ ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್. ಕೊಳ್ಳುವ ಅಧಿಕಾರ ಬೆಂಗಳೂರಿನದಲ್ಲ, ಶಾಲೆಯ ಎಸ್‌ಡಿಎಂಸಿಯದು. ಹಲವು ವರ್ಷ ದರ ಹೀಗೇ ನಡೆದು ಬಂತು: 1ರಿಂದ 5ಕ್ಕೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಈ ದುಡ್ಡಿಗೆ ಒಳ್ಳೆ ಶೂ ಬರುವುದಿಲ್ಲ ಎನ್ನುವವರು ಅಳತೆ ತೆಗೆಯದೆ ಕೊಂಡವರು. ಕೆಲಸ ಮಾಡುವ ವಿಧಾನ ಇಷ್ಟೇ. ಶಾಲೆ ಶುರುವಾದ ಮೊದಲ ವಾರ ಮಕ್ಕಳನ್ನು ಹಾಳೆಯ ಮೇಲೆ ನಿಲ್ಲಿಸಿ ಪಾದದ ಗೆರೆ ಎಳೆಯಿರಿ, ಹೆಸರು ಬರೆಯಿರಿ, ಹೆಬ್ಬೆರಳ ಮುಂದೆ ಅರ್ಧ ಇಂಚು ಬಿಟ್ಟು ಸೈಜು ಗುರುತು ಮಾಡಿ. ಮೂರು ಅಂಗಡಿಯ ಕೊಟೇಶನ್ ಜೊತೆಗೆ ಮೂರೂ ಕಡೆಯಿಂದ ಒಂದೊಂದು ಶೂ ತರಿಸಿ ಸಭೆಯ ಮೇಜಿನ ಮೇಲಿಡಿ. ಬೆರಳ ಬುಡದ ಜಾಗದಲ್ಲಿ ಬಾಗಿಸಿ: ಶೂ ಅಡಿಯ ಸೋಲ್ ಅಲ್ಲೇ ಬಾಯಿ ಬಿಟ್ಟರೆ ಬರೀ ಗೋಂದಿನದು, ಮಳೆ ತಡೆಯುವುದಿಲ್ಲ. ಹಿಮ್ಮಡಿಯ ಒಳಗೆ ಕೈ ಹಾಕಿ ನೋಡಿ, ರಟ್ಟು ಚುಚ್ಚಿದರೆ ಮಗು ಎರಡನೇ ದಿನ ಚಪ್ಪಲಿಗೆ ಮರಳುತ್ತದೆ. ಹೊಸ ಶೂ ಹಾಕದ ಮಗುವನ್ನು ಬೈಯುವ ಮೊದಲು ಅದರ ಹಿಮ್ಮಡಿ ನೋಡಿ. ಮಲೆನಾಡು, ಕರಾವಳಿಯ ಶಾಲೆಗಳಿಗೆ ಶೂ ಬದಲು ಸ್ಯಾಂಡಲ್ ಕೊಳ್ಳಲು ಅವಕಾಶ ಕೊಟ್ಟಿದ್ದುಂಟು. ಆ ವರ್ಷದ ಆದೇಶ ಓದಿ ಠರಾವು ಮಾಡಿ. ಎಲ್ಲ ಶಾಲೆಗೂ ಒಬ್ಬನೇ ವ್ಯಾಪಾರಿ ಗಂಟು ಕಟ್ಟಿ ತಂದಿಳಿಸಿದ, ಕೊಟೇಶನ್ ಮೂರೂ ಒಂದೇ ಕೈಬರಹದಲ್ಲಿವೆ ಎಂದರೆ ಸಮಿತಿ ನಿದ್ದೆ ಮಾಡುತ್ತಿದೆ ಎಂದೇ ಅರ್ಥ.

ಬಿಸಿಯೂಟಕ್ಕೂ ಇಂಥದೇ ಸುಲಭದ ಲೆಕ್ಕವಿದೆ. 1ರಿಂದ 5ನೇ ತರಗತಿ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 6ರಿಂದ 8ಕ್ಕೆ 150, 30, 75, 7.5. ಕಿರಿಯ ಪ್ರಾಥಮಿಕ ಶಾಲೆಯ ಬೋರ್ಡಿನಲ್ಲಿ ಹಾಜರಿ 60 ಎಂದಿದ್ದರೆ ಆ ದಿನ ಪಾತ್ರೆಗೆ ಬೀಳಬೇಕಾದದ್ದು 6 ಕಿಲೋ ಅಕ್ಕಿ, 1 ಕಿಲೋ 200 ಗ್ರಾಂ ಬೇಳೆ, 3 ಕಿಲೋ ತರಕಾರಿ. ಅಡುಗೆಯವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರ ಕೈಗೆ ಬಂದದ್ದನ್ನಷ್ಟೇ ಅವರು ಬೇಯಿಸುತ್ತಾರೆ. ತೂಕದ ಯಂತ್ರ, ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಸಾರು ನೀರಾಗಲು ಹೆಚ್ಚಿನ ಸಲ ಬೇಳೆಯ ತೂಕವೇ ಕಾರಣ, ಕೈಗುಣವಲ್ಲ.

ದುಡ್ಡಿನ ವಿಷಯ. ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನಕ್ಕೆ ಮಕ್ಕಳ ಸಂಖ್ಯೆಯ ಮೇಲೆ ಮಿತಿ ಇದೆ: 30ರವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಶೌಚಾಲಯಕ್ಕೆ ಫಿನಾಯಿಲ್ ಕೊಳ್ಳಲು ದುಡ್ಡಿಲ್ಲ ಎಂಬ ಮಾತು ಬಂದರೆ ಈ ಹತ್ತು ಪಾಲು ಎಲ್ಲಿ ಹೋಯಿತು ಎಂದು ಕೇಳಿ. ಅನುದಾನ ವರ್ಷದ ಕೊನೆಗೆ ಬಂದು, ಮಾರ್ಚ್ 31ರೊಳಗೆ ಖರ್ಚು ತೋರಿಸಿ ಎಂಬ ಒತ್ತಡ ಬೀಳುವುದೂ ಉಂಟು. ಆಗ ಬೇಡದ ಸಾಮಾನು ಬರುತ್ತದೆ. ಅದಕ್ಕೇ ಶಾಲಾಭಿವೃದ್ಧಿ ಯೋಜನೆಯನ್ನು ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮೊದಲೇ, ಎಂದರೆ ಡಿಸೆಂಬರ್ ಒಳಗೆ ಬರೆದಿಡಬೇಕು. ಬರೆದಿಟ್ಟ ಪಟ್ಟಿ ಇದ್ದರೆ ದುಡ್ಡು ಬಂದ ದಿನ ಯೋಚಿಸುವ ಕೆಲಸವಿಲ್ಲ.

ಈ ಸೇವೆ ಎಲ್ಲಿ ಮುರಿಯುತ್ತದೆ? ಮುಖ್ಯವಾಗಿ ನಡಾವಳಿ ಪುಸ್ತಕದಲ್ಲಿ. ಸಭೆ ನಡೆಯದೆ ಪುಸ್ತಕ ಮನೆಮನೆಗೆ ಹೋಗಿ ಸಹಿ ತರುತ್ತದೆ. ಹೊಲಕ್ಕೋ ಗಾರ್ಮೆಂಟ್ಸಿಗೋ ಹೊರಟ ತಾಯಿ ನಿಂತ ನಿಲುವಿನಲ್ಲೇ ಖಾಲಿ ಹಾಳೆಯ ಕೆಳಗೆ ಸಹಿ ಹಾಕುತ್ತಾಳೆ, ಮೇಲಿನ ಠರಾವು ಆಮೇಲೆ ಹುಟ್ಟುತ್ತದೆ. ಇದಕ್ಕೆ ಮದ್ದು ಸರಳ: ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆದು, ದಿನಾಂಕ ಬರೆದು, ಆಮೇಲೆ ಸಹಿ. ಸಭೆಯ ಹೊತ್ತೂ ಮುಖ್ಯ. ಬೆಳಿಗ್ಗೆ 11ಕ್ಕೆ ಇಟ್ಟರೆ ಕೂಲಿ ಬಿಟ್ಟು ಯಾರು ಬಂದಾರು? ಇನ್ನೊಂದು ರೋಗ, ಅಧ್ಯಕ್ಷಗಿರಿಯನ್ನು ಪಂಚಾಯಿತಿ ಚುನಾವಣೆಯ ಮೊದಲ ಮೆಟ್ಟಿಲು ಮಾಡಿಕೊಳ್ಳುವುದು. ಪೋಷಕರ ಸಭೆಯಲ್ಲಿ ಕೈಯೆತ್ತಿಸಿ ಆರಿಸಿದ ಅಧ್ಯಕ್ಷರಿಗೂ, ಹಿರಿಯರ ಜಗಲಿಯಲ್ಲಿ ಗೊತ್ತಾದ ಅಧ್ಯಕ್ಷರಿಗೂ ಇರುವ ವ್ಯತ್ಯಾಸ ಆರು ತಿಂಗಳಲ್ಲಿ ಶೌಚಾಲಯದ ಬಾಗಿಲಲ್ಲೇ ಕಾಣುತ್ತದೆ.

ಪಾಠದ ಬಗ್ಗೆ ಕೇಳುವಾಗ ಪೋಷಕರು ಎಡವುವುದು ನಲಿಕಲಿಯಲ್ಲಿ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರೆ 'ಇಲ್ಲಿ ಪಾಠವೇ ಇಲ್ಲ' ಎಂದು ಟಿಸಿ ಕೇಳುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ಕಾರ್ಡುಗಳ ಏಣಿ ಹತ್ತುತ್ತದೆ, ಪಠ್ಯಪುಸ್ತಕದ ಪುಟ ಅಲ್ಲ. ಗೋಡೆಯ ಮೇಲೆ 'ಪ್ರಗತಿ ನೋಟ' ಇರುತ್ತದೆ. ಅದರಲ್ಲಿ ನಿಮ್ಮ ಮಗು ಯಾವ ಮೆಟ್ಟಿಲಲ್ಲಿದೆ, ಎರಡು ತಿಂಗಳ ಹಿಂದೆ ಎಲ್ಲಿತ್ತು ಎಂದು ಕೇಳಿ. ಅಲ್ಲೇ ನಿಂತಿದ್ದರೆ ತೊಂದರೆ ಇದೆ. ಪ್ರಗತಿ ನೋಟವೇ ಧೂಳು ಹಿಡಿದಿದ್ದರೆ ತೊಂದರೆ ದೊಡ್ಡದು.

ನಿಜ ಹೇಳಬೇಕೆಂದರೆ ಪೋಷಕರು ಓಡುವುದು ಇಂಗ್ಲಿಷಿಗಾಗಿ. ಮಾತೃಭಾಷೆಯನ್ನು ಮಾಧ್ಯಮವಾಗಿ ಕಡ್ಡಾಯ ಮಾಡಿದ್ದ 1994ರ ಭಾಷಾ ನೀತಿ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲಿ ಸರ್ಕಾರಿ ಇಂಗ್ಲಿಷ್ ಮಾಧ್ಯಮಕ್ಕೆ ವಿರೋಧ ಕೇಳಿಬಂದ ವರ್ಷವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆ ವಿಭಾಗ ತೆರೆಯಿತು. ಸಾಹಿತಿಗಳ ಆತಂಕ ಸುಳ್ಳಲ್ಲ, ಪೋಷಕರ ಲೆಕ್ಕವೂ ಸುಳ್ಳಲ್ಲ. ನಿಮ್ಮೂರಿನ ಶಾಲೆಗೆ ಈ ವಿಭಾಗ ಬಂದಿದ್ದರೆ ಬೋರ್ಡು ನೋಡಿ ಖುಷಿಪಡುವ ಮೊದಲು ಅದಕ್ಕೆ ತರಬೇತಾದ ಶಿಕ್ಷಕರು ಪ್ರತ್ಯೇಕವಾಗಿ ಇದ್ದಾರೋ, ಕನ್ನಡ ವಿಭಾಗದವರೇ ಅರ್ಧ ದಿನ ಅಲ್ಲಿ, ಅರ್ಧ ದಿನ ಇಲ್ಲಿ ಓಡುತ್ತಿದ್ದಾರೋ ಕೇಳಿ.

ಸಮಿತಿಯ ಕೈಗೆ ಎಟುಕದ್ದೂ ಇದೆ. ಶಿಕ್ಷಕರ ನೇಮಕ, ವರ್ಗಾವಣೆ ಅದರದ್ದಲ್ಲ. ಆದರೆ ಕಾಯ್ದೆಯ ಅನುಸೂಚಿ ಬಾಯಿಪಾಠ ಇದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮುಂದೆ ಮಾತು ಗಟ್ಟಿ ಬರುತ್ತದೆ. 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವಂತಿಲ್ಲ. ದೂರು 32ನೇ ಕಲಮಿನಡಿ ಬರಹದಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಅದಕ್ಕೆ ಒಪ್ಪದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಸ್ವೀಕೃತಿ ಸೀಲು ಇಲ್ಲದ ದೂರು ದೂರೇ ಅಲ್ಲ.

ಆ ಅನುಸೂಚಿಯನ್ನು ಇನ್ನೊಮ್ಮೆ ನೋಡಿ. 62 ಮಕ್ಕಳಿರುವ ಶಾಲೆಯಿಂದ ಎರಡು ಮನೆಯವರು ಮಕ್ಕಳನ್ನು ಬಿಡಿಸಿದರೆ ಸಂಖ್ಯೆ 60, ಮೂರನೇ ಶಿಕ್ಷಕರು 'ಹೆಚ್ಚುವರಿ'. ಅವರು ಹೋದ ಮೇಲೆ ಐದು ತರಗತಿಗೆ ಇಬ್ಬರು. ಅದನ್ನು ಕಂಡು ಮುಂದಿನ ಜೂನ್‌ಗೆ ಇನ್ನೂ ನಾಲ್ಕು ಮನೆಯವರು ವ್ಯಾನು ಹತ್ತಿಸುತ್ತಾರೆ. ಹೋಗುವವರನ್ನು ದೂರಿ ಫಲವಿಲ್ಲ. ಆದರೆ ಮಕ್ಕಳ ಲೆಕ್ಕ ಇಲಾಖೆಗೆ ಹೋಗುವ ಮೊದಲು ಸಮಿತಿ ಮನೆಮನೆಗೆ ಹೋಗಿ ಬರಬೇಕಾದದ್ದು ಇದಕ್ಕೇ. ಎಸ್‌ಡಿಎಂಸಿಗೆ ಐದಕ್ಕೆ ಮೂರು ಅಂಕ, ಸಭೆ ನಡೆಯುವ ಶಾಲೆಯಲ್ಲಿ ನಾಲ್ಕು.

ಮೊದಲ ಸಭೆಗೆ ಹೋಗುವವರು ಚೀಲದಲ್ಲಿ ಇಟ್ಟುಕೊಳ್ಳಬೇಕಾದದ್ದು: ಹಿಂದಿನ ಸಭೆಯ ನಡಾವಳಿಯ ಫೋಟೊ, ಶಾಲಾ ಖಾತೆಯ ಲೆಕ್ಕದ ನಕಲು ಕೇಳಿ ಬರೆದ ಒಂದು ಅರ್ಜಿ, ಮತ್ತು ಶೂ ಅಳತೆಗೆ ಒಂದು ಸ್ಕೇಲು.