ಹುಳ ಬಾರದ ಗಿಡ, ಹುಳ ಸಮೇತ ಬಂದ ಗಿಡ

ಜೇನು, ಚಿಟ್ಟೆ ಬರುವ ತೋಟಕ್ಕೆ ಗಿಡ ಎಲ್ಲಿಂದ ತರಬೇಕು, ನರ್ಸರಿಯಿಂದಲೋ, ಬೀಜದ ಪೊಟ್ಟಣದಿಂದಲೋ, ಚಿಕ್ಕಮ್ಮನ ಹಿತ್ತಿಲಿನಿಂದಲೋ ಎಂದರೆ ನನ್ನ ಮತ ಚಿಕ್ಕಮ್ಮನ ಹಿತ್ತಿಲಿಗೆ. ಉಳಿದ ಎರಡಕ್ಕೂ ದುಡ್ಡು ತೆತ್ತ ಮೇಲೆ ಬಂದ ಬುದ್ಧಿ ಇದು, ಆದ್ದರಿಂದ ನಾನು ನಿಷ್ಪಕ್ಷಪಾತಿ ಎಂದು ಯಾರೂ ಭಾವಿಸಬೇಕಿಲ್ಲ.

ಕಾರವಾರದಲ್ಲಿ ನಮ್ಮದು ಬಾಡಿಗೆ ಮನೆ. ಅಂಗಳದಲ್ಲಿ ಎರಡು ಮಾರು ಅಗಲದ ಮಣ್ಣು, ಚಿರೆಕಲ್ಲಿನ ಕಾಂಪೌಂಡ್, ಸಂಜೆಯಾದರೆ ಕಡಲ ಕಡೆಯಿಂದ ಉಪ್ಪು ಗಾಳಿ. ಹೋದ ವರ್ಷ ಸಿಹಿಗುಂಬಳದ ಬಳ್ಳಿ ಹೂವಿನ ಮೇಲೆ ಹೂ ಬಿಟ್ಟಿತು, ಮಿಡಿಗಳೆಲ್ಲ ಹಳದಿಯಾಗಿ ಉದುರಿದವು. ಬೆಳಿಗ್ಗೆ ಎದ್ದು ಗಂಡುಹೂ ಕಿತ್ತು ಹೆಣ್ಣುಹೂವಿಗೆ ಒರೆಸುವುದು ನನ್ನ ಕೆಲಸವಾಯಿತು. ಇದು ಜೇನಿನ ಕೆಲಸ, ನಾನೇಕೆ ಮಾಡಬೇಕು ಎನಿಸಿ ಜೇನು, ಚಿಟ್ಟೆ ಬರುವಂಥ ತೋಟ ಮಾಡಲು ಹೊರಟೆ. ನರ್ಸರಿಯ ಗಿಡಗಳು, ಆನ್‌ಲೈನಿನಲ್ಲಿ ತರಿಸಿದ ‘ಚಿಟ್ಟೆ ತೋಟ’ದ ಬೀಜದ ಪೊಟ್ಟಣ, ಶಿರಸಿಯ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಯ ಗೆಲ್ಲು ಮತ್ತು ಬೇರು. ಮೂರನ್ನೂ ನೆಟ್ಟು ನೋಡಿದ್ದೇನೆ.

ಬೀಜದ ಪೊಟ್ಟಣದ ಕಥೆ ಚಿಕ್ಕದು. 349 ರೂಪಾಯಿ, ಮೇಲೆ ಬಣ್ಣಬಣ್ಣದ ಚಿತ್ರ, ಒಳಗೆ ಲ್ಯಾವೆಂಡರ್‌ನಂಥ ಚಳಿನಾಡಿನ ಬೀಜಗಳ ಮಿಶ್ರಣ. ಮೇ ಕೊನೆಯಲ್ಲಿ ಬಿತ್ತಿದೆ. ಜೂನ್ ಮಳೆ ಹಿಡಿದ ವಾರದಲ್ಲೇ ಮುಕ್ಕಾಲು ಪಾಲು ಮೊಳಕೆ ಬುಡ ಕೊಳೆತು ಮಲಗಿತು. ಬದುಕಿ ಉಳಿದದ್ದು ಕಾಸ್ಮಾಸ್ ಮತ್ತು ಜಿನ್ನಿಯಾ. ಅವೇನೋ ಚೆನ್ನಾಗಿಯೇ ಇವೆ, ಚಿಟ್ಟೆಗಳೂ ಕೂರುತ್ತವೆ. ಆದರೆ ಅವೆರಡರ ಬೀಜ ಸಂತೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುತ್ತದೆ.

ನರ್ಸರಿಗೆ ಸುರಿದದ್ದು 1,460 ರೂಪಾಯಿ. ಕಣ್ಣಿಗೆ ಹಬ್ಬ ಎನ್ನಲು ಅಡ್ಡಿಯಿಲ್ಲ. ಸುತ್ತಿನ ದಾಸವಾಳ ಮುಷ್ಟಿ ಗಾತ್ರದ ಹೂ ಬಿಟ್ಟಿತು, ಒಂದು ಜೇನೂ ಇಳಿಯಲಿಲ್ಲ. ಹೂವನ್ನು ಬಿಡಿಸಿ ನೋಡಿದಾಗ ಕಾರಣ ಕಂಡಿತು: ಕೇಸರಗಳು ಇರಬೇಕಾದ ಕಡೆ ಎಸಳಿನ ಮೇಲೆ ಎಸಳು. ಪರಾಗವೂ ಇಲ್ಲ, ಮಕರಂದಕ್ಕೆ ದಾರಿಯೂ ಇಲ್ಲ. ದೇವರಿಗೆ ಸರಿ, ಜೇನಿಗಲ್ಲ. ಪಕ್ಕದ ಮನೆಯ ಐದೆಸಳಿನ ಕೆಂಪು ದಾಸವಾಳಕ್ಕೆ ಸೂರಕ್ಕಿಗಳು ಜಗಳವಾಡುತ್ತಿದ್ದವು.

ಇಷ್ಟೇ ಆಗಿದ್ದರೆ ನರ್ಸರಿಯನ್ನು ಕ್ಷಮಿಸುತ್ತಿದ್ದೆ. ಕ್ಷಮಿಸಲಾಗದ್ದು ನಿಂಬೆ ಗಿಡ.

ನಿಂಬೆಯನ್ನು ಬೇಕೆಂದೇ ಕೊಂಡಿದ್ದೆ, ನಿಂಬೆ ಚಿಟ್ಟೆ ಅದರ ಚಿಗುರಿನಲ್ಲೇ ಮೊಟ್ಟೆ ಇಡುತ್ತದೆ. ಮಾಲೀಕರು ಕೊಡುವಾಗಲೇ “ಇದಕ್ಕೆ ಹುಳ ಬರುವುದೇ ಇಲ್ಲ, ಗ್ಯಾರಂಟಿ” ಎಂದಿದ್ದರು. ವ್ಯಾಪಾರದ ಮಾತು ಎಂದುಕೊಂಡೆ. ತಂದ ಎರಡನೇ ವಾರದಲ್ಲೇ ಚಿಟ್ಟೆ ಬಂತು, ಚಿಗುರಿಗೆ ಹೊಟ್ಟೆಯ ತುದಿ ತಾಗಿಸಿ ತಾಗಿಸಿ ಹೋಯಿತು. ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು, ತಿಳಿ ಹಳದಿ. ಮರಿಗಳು ಹೊರಬಂದವು. ಎಳೆಯದರಲ್ಲಿ ಅವು ಥೇಟ್ ಹಕ್ಕಿಯ ಹಿಕ್ಕೆ, ಕಂದು ಮೈಗೆ ಬಿಳಿ ಪಟ್ಟೆ. ಮಗಳನ್ನು ಕರೆದು ತೋರಿಸಿದೆ. ಮರುದಿನ ಎರಡು ಕಾಣಲಿಲ್ಲ. ಅದರ ಮರುದಿನ ಉಳಿದವು ಹಿಂಗಾಲಿನ ಮೇಲೆ ತಲೆಕೆಳಗಾಗಿ ಜೋತು, ಒಣಗಿದ ಮೆಣಸಿನ ತೊಟ್ಟಿನಂತಾಗಿದ್ದವು.

ಇರುವೆ ಎಂದುಕೊಂಡೆ, ಬಿಸಿಲು ಎಂದುಕೊಂಡೆ. ಎರಡನೇ ಸಲವೂ ಅದೇ ಆಯಿತು. ಅಷ್ಟರಲ್ಲಿ ಚಿಕ್ಕಮ್ಮ ಬೀಜದಿಂದ ಎಬ್ಬಿಸಿ ಕೊಟ್ಟ ನಿಂಬೆಯ ಸಸಿಯೂ ಮನೆಯಲ್ಲಿತ್ತು. ಎರಡು ಗಾಜಿನ ಬಾಟಲಿ ತೆಗೆದುಕೊಂಡು ಒಂದಕ್ಕೆ ನರ್ಸರಿ ಗಿಡದ ಎಲೆ, ಇನ್ನೊಂದಕ್ಕೆ ಚಿಕ್ಕಮ್ಮನ ಗಿಡದ ಎಲೆ, ಮೂರು ಮೂರು ಮರಿ. ನರ್ಸರಿ ಬಾಟಲಿಯ ಮೂರೂ ಎರಡೇ ದಿನಕ್ಕೆ ಸತ್ತವು. ಗೊತ್ತಿದ್ದೂ ಮಾಡಿದೆನಲ್ಲ ಎಂಬ ಪಾಪಪ್ರಜ್ಞೆ ಇನ್ನೂ ಇದೆ. ಇನ್ನೊಂದು ಬಾಟಲಿಯವು ತಿಂದು ತಿಂದು ಹಸಿರಾಗಿ, ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಚಾಚಿ ಗಬ್ಬು ವಾಸನೆ ಬಿಡುವಷ್ಟು ದೊಡ್ಡವಾದವು. ಕೋಶವಾದ ಹನ್ನೊಂದನೆಯ ದಿನ ಬೆಳಿಗ್ಗೆ ಮೊದಲನೆಯದು ರೆಕ್ಕೆ ಒಣಗಿಸುತ್ತ ಕುಳಿತಿತ್ತು.

ನರ್ಸರಿಗೆ ಹೋಗಿ ಕೇಳಿದೆ. ಮಾಲೀಕರು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದರು: ಕುಂಡದ ಮಣ್ಣಿಗೇ ಔಷಧದ ಹರಳು ಹಾಕಿರುತ್ತಾರೆ, ಬೇರು ಹೀರಿಕೊಳ್ಳುತ್ತದೆ, ಎಲೆ ತಿಂದ ಹುಳ ಸಾಯುತ್ತದೆ. ಹೀಗೆ ಗಿಡದ ರಸದೊಳಗೆ ಸೇರುವ ವಿಷ ತೊಳೆದರೆ ಹೋಗುವುದಿಲ್ಲ; ಹೂವಿನ ಮಕರಂದ, ಪರಾಗಕ್ಕೂ ಸೇರುತ್ತದೆ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಈ ಜಾತಿಯದು. ಜೇನಿಗೆ ಅಪಾಯವೆಂದು ಐರೋಪ್ಯ ಒಕ್ಕೂಟ ಅದನ್ನೂ ಅದರ ಇಬ್ಬರು ಸೋದರರನ್ನೂ ತೆರೆದ ಹೊಲಗಳಲ್ಲಿ ಬಳಸದಂತೆ 2018ರಲ್ಲಿ ನಿಷೇಧಿಸಿತು. “ಹುಳ ಬಿದ್ದ ಗಿಡವನ್ನು ಯಾರು ಕೊಳ್ಳುತ್ತಾರೆ ಅಕ್ಕ?” ಎಂದು ಮಾಲೀಕರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಾನೂ ಎಲೆ ತೂತಾದ ಗಿಡವನ್ನು ಬದಿಗಿಟ್ಟೇ ಆರಿಸಿಕೊಂಡಿದ್ದೆ.

ಇನ್ನು ಚಿಕ್ಕಮ್ಮನ ಗಂಟು. ಅಡಿಕೆ ಹಾಳೆಯಲ್ಲಿ ಒದ್ದೆ ಮಣ್ಣಿಟ್ಟು ಬಾಳೆ ನಾರಿನಲ್ಲಿ ಕಟ್ಟಿದ್ದು: ಈಶ್ವರಿ ಬಳ್ಳಿ, ಕಾಡು ಕೇಪಳ, ರಥದ ಹೂ, ತುಂಬೆ, ಗಿಲಿಗಿಚ್ಚಿಯ ಒಣ ಕಾಯಿಗಳು, ಆ ನಿಂಬೆ ಸಸಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಗಂಟು ಮಡಿಲಲ್ಲೇ ಇತ್ತು. ಶಕ್ತಿ ಯೋಜನೆಯ ಕೃಪೆ, ಬಸ್ಸಿನ ಖರ್ಚೂ ಸೊನ್ನೆ.

ರಥದ ಹೂವಿಗೆ ಮೊದಲ ಮಳೆಗಾಲದಲ್ಲೇ ದೊಡ್ಡ ಚಿಟ್ಟೆಗಳ ಸಾಲು. ನಮ್ಮದೇ ಎಂದು ನಾವು ಬೀಗುವ ಈ ಗಿಡದ ಮೂಲ ಆಗ್ನೇಯ ಏಷ್ಯಾ, ಆದ್ದರಿಂದ ಸ್ಥಳೀಯತೆಯ ಬಗ್ಗೆ ಭಾಷಣ ಬೇಡ. ಈಶ್ವರಿ ಬಳ್ಳಿಯನ್ನು ನೆಟ್ಟದ್ದು ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರಲಿ ಎಂಬ ಆಸೆಗೆ. ಅದು ಇನ್ನೂ ಬಂದಿಲ್ಲ. ಅದೇ ಬಳ್ಳಿಯನ್ನು ತಿಂದು ಬೆಳೆಯುವ ಕ್ರಿಮ್ಸನ್ ರೋಸ್ ಚಿಟ್ಟೆ ಬಂತು, ಅದರ ಮರಿಗಳು ಬಳ್ಳಿಯನ್ನು ಎರಡು ಸಲ ಬೋಳಿಸಿದವು. ಎರಡು ಸಲವೂ ಚಿಗುರಿದೆ. ಮಳೆ ಹಿಂದೆ ಸರಿದ ಮೇಲೆ ತುಂಬೆಯಲ್ಲಿ ನೀಲಿ ಪಟ್ಟೆಯ ಒಂಟಿ ಜೇನುಗಳು. ಸಂಜೆ ಟಾರ್ಚ್ ಹಿಡಿದು ನೋಡಿದರೆ ಅವುಗಳ ಗಂಡುಗಳು ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು, ಕಾಲು ಮಡಚಿ ಸಾಲಾಗಿ ನಿದ್ರಿಸುತ್ತಿರುತ್ತವೆ. ಕಾಂಪೌಂಡಿನ ಚಿರೆಕಲ್ಲಿನ ಬಿರುಕಿನಲ್ಲಿ ಈಗ ಚುಚ್ಚದ ಪುಟ್ಟ ಮಿಸರಿ ಜೇನು ಮೇಣದ ಕೊಳವೆ ಕಟ್ಟಿದೆ. ಈ ಸಲ ಕುಂಬಳಕ್ಕೆ ನಾನು ಕೈ ಹಾಕಿಲ್ಲ, ಏಳು ಕಾಯಿ.

ತೊಂದರೆ ಇಲ್ಲವೆಂದಲ್ಲ. ಮನೆಯ ಮಾಲೀಕರಿಗೆ ಇದೆಲ್ಲ ಕಳೆ. ಒಮ್ಮೆ ನಾನು ಊರಲ್ಲಿಲ್ಲದಾಗ ಉಪಕಾರವೆಂದು ತುಂಬೆಯನ್ನೆಲ್ಲ ಕೀಳಿಸಿಬಿಟ್ಟಿದ್ದರು.

ವಾರಾಂತ್ಯಕ್ಕೆ ಘಟ್ಟ ಹತ್ತುವ, ನೀರು ಹಾಕಲು ಮರೆಯುವ, ಗಿಡಕ್ಕೆ ತಿಂಗಳಿಗೆ ನೂರು ರೂಪಾಯಿ ಮೀರಿ ಇಡದ ನನ್ನಂಥವಳಿಗೆ ಇದೇ ಸರಿ. ಅಂಗಳ ಓರಣವಾಗಿರಲಿ ಎನ್ನುವವರಿಗೆ ನರ್ಸರಿಯೇ ಲೇಸು. ಒಂಟಿ ಸುತ್ತಿನ ಹೂ ಆರಿಸಿ, ಮಣ್ಣಿಗೆ ಏನು ಹಾಕಿದ್ದೀರಿ ಎಂದು ಕೇಳಿ ತನ್ನಿ. ಎಲೆಯಲ್ಲಿ ತೂತು ಕಂಡರೆ ಆ ಗಿಡವನ್ನೇ ಎತ್ತಿಕೊಳ್ಳಿ.

ನರ್ಸರಿಯ ನಿಂಬೆಯನ್ನು ಎಸೆಯಲು ಮನಸ್ಸಾಗಿಲ್ಲ. ಮೂಲೆಯಲ್ಲಿ ಹಳೆಯ ಸೊಳ್ಳೆ ಪರದೆ ಹೊದ್ದು ನಿಂತಿದೆ. ಚಿಗುರಿದಾಗಲೆಲ್ಲ ಚಿಟ್ಟೆಯೊಂದು ಬಂದು ಪರದೆಯ ಮೇಲೆಯೇ ಹೊಟ್ಟೆ ಬಾಗಿಸಿ ನೋಡಿ ಹೋಗುತ್ತದೆ.