‘ರಿಟರ್ನ್ ಅವಧಿ ಮುಗಿದಿದೆ’ ಅಂದರೆ ಅಲ್ಲಿಗೇ ಬಿಡಬೇಡಿ

ಆನ್‌ಲೈನ್‌ನಲ್ಲಿ ಮಿಕ್ಸಿ, ಕುಕ್ಕರ್, ಫ್ಯಾನ್ ತರಿಸುವವರೆಲ್ಲ ದಯವಿಟ್ಟು ಇದನ್ನು ಓದಿ. ಕೆಟ್ಟ ವಸ್ತು ಕಳಿಸಿ, ದುಡ್ಡು ವಾಪಸ್ ಕೊಡದೆ ಸತಾಯಿಸುವವರು ಜಾಸ್ತಿ ಆಗಿದ್ದಾರೆ. ಅವರು ಏನೇನು ಹೇಳಿ ನಿಮ್ಮನ್ನು ಸುಸ್ತು ಮಾಡುತ್ತಾರೆ ಅನ್ನುವುದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ದಾವಣಗೆರೆಯಲ್ಲಿರುವ ನಮ್ಮ ಅತ್ತೆಗೆ ಹೊಸ ಮಿಕ್ಸಿ ಬೇಕಿತ್ತು. ಒಂದು ಶಾಪಿಂಗ್ ಆ್ಯಪ್‌ನಲ್ಲಿ ನೋಡಿ ತರಿಸಿದೆವು. 750 ವ್ಯಾಟ್ ಮೋಟರ್, ಮೂರು ಜಾರ್, ಎರಡು ವರ್ಷ ವಾರಂಟಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಬಂದ ದಿನ ಕಾಯಿ ಚಟ್ನಿ ಚೆನ್ನಾಗಿಯೇ ಆಯಿತು. ಮಾರನೇ ದಿನ ನೆನೆಸಿದ ಉದ್ದಿನಬೇಳೆ ಹಾಕಿದರು ನೋಡಿ, ಮೋಟರ್ ಗುಂಯ್ ಅಂತ ಎಳೆದಾಡಿ ನಿಂತೇಹೋಯಿತು. ಅಡುಗೆಮನೆ ತುಂಬ ಸುಟ್ಟ ವಾಸನೆ. ಜಾರ್ ಎತ್ತಿದರೆ ಕೆಳಗಿನ ಕಪ್ಲರ್‌ನ ಹಲ್ಲುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮಿಕ್ಸಿ ಮಗುಚಿ ಅಡಿಯ ಸ್ಟಿಕ್ಕರ್ ನೋಡಿದೆವು. ಅದರಲ್ಲಿ 500 ವ್ಯಾಟ್ ಅಂತಿತ್ತು.

ಆವತ್ತೇ ರಿಟರ್ನ್‌ಗೆ ಹಾಕಿದೆವು. ತಗೊಂಡು ಹೋಗಲು ಬಂದ ಹುಡುಗ ನಾಲ್ಕು ಫೋಟೊ ತೆಗೆದು, ಫೋನ್ ನೋಡಿ ತಲೆ ಅಲ್ಲಾಡಿಸಿದ. “ನನ್ ಕೈಲಿ ಏನೂ ಇಲ್ಲ ಅಮ್ಮ, ಬಳಸಿರೋದು ಅಂತ ಬಂದ್ರೆ ಆ್ಯಪೇ ತಗೊಳ್ಳಲ್ಲ” ಅಂದ. ಪಾಪ, ಅವನದೇನೂ ತಪ್ಪಿಲ್ಲ. ಮತ್ತೆ ಹಾಕಿದಾಗ ಯಾರೂ ಬರಲೇ ಇಲ್ಲ, ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಅಂತ ಮೆಸೇಜ್ ಮಾತ್ರ ಬಂತು. ಅತ್ತೆ ಇಡೀ ದಿನ ಬಾಗಿಲ ಹತ್ತಿರವೇ ಕೂತಿದ್ದರು. ಹೀಗೆ ಎಳೆದು ಎಳೆದು ಆ್ಯಪ್‌ನ ಗಡುವು ದಾಟಿಸಿದರು. ಆಮೇಲೆ ‘ರಿಟರ್ನ್ ಅವಧಿ ಮುಗಿದಿದೆ’ ಅನ್ನುವ ಒಂದೇ ಉತ್ತರ. ಮಾರಾಟಗಾರನನ್ನು ಕೇಳಿದರೆ ವಾರಂಟಿ ಇದೆಯಲ್ಲ, ಸರ್ವಿಸ್ ಸೆಂಟರ್‌ಗೆ ಹೋಗಿ ಅಂದ. ಆ್ಯಪ್‌ನವರನ್ನು ಕೇಳಿದರೆ ನಾವು ಬರೀ ಮಧ್ಯವರ್ತಿಗಳು ಅಂದರು.

ಇಲ್ಲಿಗೇ ಬಹಳ ಜನ ಕೈಬಿಡುತ್ತಾರೆ. ಅವರಿಗೆ ಬೇಕಾಗಿರುವುದೂ ಅದೇ. ಎರಡು ಮೂರು ಸಾವಿರಕ್ಕೆ ಯಾರು ಓಡಾಡುತ್ತಾರೆ ಅನ್ನುವ ಧೈರ್ಯ ಅವರಿಗೆ.

ಆ್ಯಪ್‌ನ ರಿಟರ್ನ್ ಪಾಲಿಸಿ ದೇಶದ ಕಾನೂನಿಗಿಂತ ದೊಡ್ಡದಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು. ಅದರ ಅಡಿಯಲ್ಲಿ ಆನ್‌ಲೈನ್ ವ್ಯಾಪಾರಕ್ಕೇ ಅಂತ 2020ರ ಜುಲೈನಲ್ಲಿ ಬೇರೆ ನಿಯಮಗಳು ಬಂದಿವೆ. ವಸ್ತು ದೋಷ ಇರುವುದಾದರೆ, ನಕಲಿಯಾದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ವಾಪಸ್ ತಗೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಹೇಳಿದ ದಿನಕ್ಕೆ ತಲುಪಿಸದೆ ತಡ ಮಾಡಿದರೂ ಸಾಮಾನ್ಯವಾಗಿ ಇದೇ ನಿಯಮ. ನಮ್ಮದು ದೋಷವೂ ಹೌದು, 750 ಅಂತ ಹೇಳಿ 500 ಕಳಿಸಿದ್ದೂ ಹೌದು. ಇನ್ನು ಬಳಸಿದ್ದೀರಿ ಅನ್ನುವ ನೆಪ. ಮಿಕ್ಸಿಗೆ ಬೇಳೆ ಹಾಕದೆ ಅದು ಕೆಟ್ಟಿದೆಯೋ ಇಲ್ಲವೋ ಗೊತ್ತಾಗುವುದಾದರೂ ಹೇಗೆ ಹೇಳಿ? ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅಂತ ವಾಪಸ್ ಮಾಡುವುದಾದರೆ ಮಾತು ಬೇರೆ. ಆಗ ಆ್ಯಪ್‌ನ ಪಾಲಿಸಿಯೇ ನಡೆಯುತ್ತದೆ.

ಪುರಾವೆ ವಿಷಯದಲ್ಲಿ ನಮ್ಮನ್ನು ಕಾಪಾಡಿದ್ದು ನನ್ನ ಮೈದುನ. ಆರ್ಡರ್ ಮಾಡುವಾಗಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದ. ನಾವು ದೂರು ಕೊಟ್ಟ ಮೇಲೆ ಪುಟದಲ್ಲಿದ್ದ 750 ಸದ್ದಿಲ್ಲದೆ 500 ಆಗಿತ್ತು! ಆ ಚಿತ್ರ ಇಲ್ಲದಿದ್ದರೆ ನಾವೇ ಸುಳ್ಳು ಹೇಳುತ್ತಿದ್ದೇವೆ ಅನ್ನುತ್ತಿದ್ದರು. ದುಡ್ಡು ಕಟ್ಟುವ ಮೊದಲೇ ಪುಟದ ಚಿತ್ರ ತೆಗೆದಿಡಿ. ಬಿಲ್ ಇಳಿಸಿಕೊಳ್ಳಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿ, ಸ್ಟಿಕ್ಕರ್ ಕಾಣುವ ಹಾಗೆ.

ಕಸ್ಟಮರ್ ಕೇರ್ ಜೊತೆ ಫೋನಿನಲ್ಲಿ ಎಷ್ಟು ಮಾತಾಡಿದರೂ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ಕಂಪನಿಗಳು ಕುಂದುಕೊರತೆ ಅಧಿಕಾರಿಯೊಬ್ಬರನ್ನು ಇಟ್ಟಿರಲೇಬೇಕು, ಅವರ ಹೆಸರು, ಹುದ್ದೆ, ಸಂಪರ್ಕ ವಿವರ ಆ್ಯಪ್‌ನಲ್ಲಿ ಕಾಣುವ ಹಾಗೆ ಹಾಕಿರಲೇಬೇಕು. ಸಾಮಾನ್ಯವಾಗಿ ಎಲ್ಲೋ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿರುತ್ತದೆ. ಹುಡುಕಿ ಮೇಲ್ ಹಾಕಿ. 48 ಗಂಟೆಯೊಳಗೆ ದೂರು ಬಂದಿದೆ ಅಂತ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ ನಿಯಮವೇ ಇದೆ. ಮೇಲ್‌ನಲ್ಲಿ ಕೋಪ ತೋರಿಸುವುದು ಬೇಡ. ಆರ್ಡರ್ ನಂಬರ್, ತಾರೀಖು, ಏನು ಕೆಟ್ಟಿದೆ, ಎಷ್ಟು ದುಡ್ಡು ಬರಬೇಕು, ಫೋಟೊ, ಇಷ್ಟು ಸಾಕು. ‘ನಿಮ್ಮ ಸಮಸ್ಯೆ ಬಗೆಹರಿದಿದೆಯೇ’ ಅಂತ ಮೆಸೇಜ್ ಬಂದರೆ ಸುಮ್ನೆ ಹೌದು ಒತ್ತಬೇಡಿ.

ಒಂದು ಮಾತು ಮಧ್ಯದಲ್ಲಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಲೇಬೇಡಿ. ನಕಲಿ ನಂಬರ್ ಹಾಕಿಕೊಂಡು, ರಿಫಂಡ್ ಕೊಡುತ್ತೇವೆ ಅಂತ ಒಟಿಪಿ ಕೇಳುವವರು, ಯಾವುದೋ ಆ್ಯಪ್ ಹಾಕಿಸಿ ನಿಮ್ಮ ಫೋನನ್ನೇ ನೋಡುವವರು ಅಲ್ಲಿ ಕಾಯುತ್ತಿರುತ್ತಾರೆ. ಸಾವಿರ ವಾಪಸ್ ಪಡೆಯಲು ಹೋಗಿ ಖಾತೆಯೇ ಖಾಲಿ ಆಗಬಾರದು ಅಲ್ವಾ?

ಕುಂದುಕೊರತೆ ಅಧಿಕಾರಿಗೆ ಬರೆದರೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಆದರೆ ಅದು ಕೋರ್ಟ್ ಅಲ್ಲ, ಕಂಪನಿಗೆ ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ನಮ್ಮ ವಿಷಯದಲ್ಲಿ ಮಾರಾಟಗಾರ ಅಲ್ಲಿಗೂ ಅದೇ ಪಾಲಿಸಿಯ ಪಾಠ ಕಳಿಸಿದ.

ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆವು. ಜನ ಕೋರ್ಟ್ ಅಂದ ಕೂಡಲೇ ಹೆದರುತ್ತಾರೆ. ಹೆದರುವಂಥದ್ದು ಏನೂ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಮಾರಾಟಗಾರ ದೆಹಲಿಯಲ್ಲಿರಲಿ, ಸೂರತ್‌ನಲ್ಲಿರಲಿ, ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. 2019ರ ಕಾಯ್ದೆ ಕೊಟ್ಟ ಈ ಅನುಕೂಲ ನಮ್ಮಂಥ ಊರಿನವರಿಗೆ ಬಹಳ ದೊಡ್ಡದು. ಸರ್ಕಾರದ ಇ-ಜಾಗೃತಿ ವೆಬ್‌ಸೈಟ್‌ನಲ್ಲಿ ಮನೆಯಿಂದಲೇ ಹಾಕಬಹುದು. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ಹಾಕಿದರೆ ಆಯಿತು. ಮಾರಾಟಗಾರ ಮತ್ತು ಆ್ಯಪ್, ಇಬ್ಬರ ಹೆಸರನ್ನೂ ಸೇರಿಸಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವ ಆಟ ಆಗ ನಡೆಯುವುದಿಲ್ಲ. ವಸ್ತುವಿನ ಬೆಲೆ ಮಾತ್ರ ಅಲ್ಲ, ಪಟ್ಟ ತೊಂದರೆಗೆ ಪರಿಹಾರ, ಖರ್ಚು ಕೂಡ ಕೇಳಬಹುದು.

ಆಯೋಗದಿಂದ ನೋಟಿಸ್ ಹೋದ ಮೇಲೆ ಅವರ ದನಿಯೇ ಬದಲಾಯಿತು. ತಾವಾಗಿಯೇ ಫೋನ್ ಮಾಡಿದರು. ಇಲ್ಲೂ ಎಚ್ಚರ ಬೇಕು. ಮೊದಲು ದುಡ್ಡನ್ನು ಆ್ಯಪ್‌ನ ವ್ಯಾಲೆಟ್‌ಗೆ ಹಾಕುತ್ತೇವೆ ಅಂದರು. ಅದು ನಮ್ಮ ದುಡ್ಡು, ಮತ್ತೆ ಅವರಲ್ಲೇ ಏಕೆ ಖರ್ಚು ಮಾಡಬೇಕು? ಒಪ್ಪಲಿಲ್ಲ. ಆಮೇಲೆ ಮೊದಲು ಕೇಸ್ ವಾಪಸ್ ತಗೊಳ್ಳಿ, ಕೂಡಲೇ ಕಳಿಸುತ್ತೇವೆ ಅಂದರು. ಅದಕ್ಕೂ ಒಪ್ಪಲಿಲ್ಲ. ಏನು ಕೊಡುತ್ತೀರಿ, ಯಾವಾಗ ಕೊಡುತ್ತೀರಿ ಅಂತ ಮೇಲ್‌ನಲ್ಲಿ ಬರೆಸಿಕೊಂಡೆವು. ಪೂರ್ತಿ ಹಣ ಅತ್ತೆಯ ಬ್ಯಾಂಕ್ ಖಾತೆಗೆ ಬಂದದ್ದನ್ನು ನೋಡಿದ ಮೇಲೆಯೇ ಆಯೋಗಕ್ಕೆ ತಿಳಿಸಿದೆವು. ಆ ಮಿಕ್ಸಿಯನ್ನು ಒಯ್ಯಲು ಬಂದವರ ಹತ್ತಿರವೂ ಸಹಿ ಹಾಕಿದ ರಸೀದಿ ತಗೊಂಡೇ ಕೈಗೆ ಕೊಟ್ಟೆವು.